ಬೆಟ್ಟದ ಬುತ್ತಿಯಲ್ಲಿ ಏನಿರಬೇಕು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ ಐವತ್ತು ತುಂಬಿದ ನೆನಪಿಗೆ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಒಂದು ಒಳ್ಳೆಯ ತೀರ್ಮಾನ ಮಾಡಿದೆ. ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳನ್ನು ಎರಡು ರಾತ್ರಿಯ ಚಾರಣಕ್ಕೆ ಕರೆದುಕೊಂಡು ಹೋಗುವುದು. ಹಣದ ವಿಷಯ ಅರ್ಧ ಗಂಟೆಯಲ್ಲಿ ಮುಗಿಯಿತು. ಊಟದ ವಿಷಯ ಮಾತ್ರ ಎರಡು ಸಭೆಯಾದರೂ ಮುಗಿದಿಲ್ಲ. "ಬೆಳೆಯೋ ಮಕ್ಕಳು, ದಿನವಿಡೀ ಬೆಟ್ಟ ಹತ್ತುತ್ತವೆ, ಒಂದು ಹೊತ್ತಾದರೂ ಕೋಳಿಸಾರು ಬೇಡವೇ?" ಎಂದು ಕೆಲವರು. "ಬೆಟ್ಟಕ್ಕೆ ಹೋಗುವಾಗ ಮಾಂಸ ಎಂಥದು, ಅದು ಶುದ್ಧವಾದ ಜಾಗ" ಎಂದು ಇನ್ನು ಕೆಲವರು. ಇಪ್ಪತ್ತು ವರ್ಷದಿಂದ ಜನರನ್ನು ಬೆಟ್ಟ ಹತ್ತಿಸುತ್ತಿರುವವನು ಎಂದು ಈ ವಿಷಯವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಮನೆಯಲ್ಲಿ ಮಾಂಸ ತಿನ್ನುವವನು. ಮಕ್ಕಳ ಚಾರಣದಲ್ಲಿ ಬೆಟ್ಟದ ಮೇಲೆ ಮಾಂಸದ ಅಡುಗೆ ಬೇಡ ಎನ್ನುವವನೂ ನಾನೇ. ಆದರೆ ಬೇಡ ಎನ್ನುವುದಕ್ಕೆ ನನ್ನ ಕಾರಣ ಶುದ್ಧಿಯದಲ್ಲ. ಆ ಕಾರಣ ಯಾವುದು ಎನ್ನುವುದು ಊಟದಷ್ಟೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಚೀಲ ಹೊತ್ತು ನಡೆಯುವವನಿಗೆ ಮೊದಲ ಲೆಕ್ಕ ತೂಕದ್ದು. ಹಸಿ ಮಾಂಸದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರು. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 560 ಕ್ಯಾಲೊರಿ ಶಕ್ತಿ ಇದೆ, 25 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ಶಕ್ತಿ ಚರ್ಮ ತೆಗೆದ ಕೋಳಿಮಾಂಸದಿಂದ ಬರಬೇಕಾದರೆ ಹತ್ತಿರ ಹತ್ತಿರ ಅರ್ಧ ಕಿಲೋ ಹೊರಬೇಕು. ಮೂಳೆಯ ತೂಕ ಬೇರೆ. ಅವಲಕ್ಕಿ, ಬೇಳೆ, ಹುರಿಗಡಲೆ, ಬೆಲ್ಲ ಎಲ್ಲವೂ ಒಣ ಪದಾರ್ಥ. ನೀರನ್ನು ಬೆಟ್ಟವೇ ಕೊಡುತ್ತದೆ, ನಾವು ಹೊರಬೇಕಾಗಿಲ್ಲ.

ಎರಡನೆಯ ಲೆಕ್ಕ ಕೆಡುವುದರದು. ಬೇಯಿಸಿದ ಮಾಂಸವಾಗಲಿ ಹಸಿ ಮಾಂಸವಾಗಲಿ, 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಬೆಳಿಗ್ಗೆ ಆರಕ್ಕೆ ಚೀಲಕ್ಕೆ ಹಾಕಿದ ಮಾಂಸ ಸಂಜೆ ಐದಕ್ಕೆ ಒಲೆ ಮುಟ್ಟುತ್ತದೆ. ಕೆಳಗೆ ಹೊಟ್ಟೆ ಕೆಟ್ಟರೆ ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದು. ಮೇಲೆ ವಾಂತಿ ಭೇದಿ ಶುರುವಾದ ಮಗುವನ್ನು ಕತ್ತಲಲ್ಲಿ ಹೊತ್ತು ಇಳಿಸಬೇಕು.

ಹಾಗೆಂದು ಸಸ್ಯಾಹಾರ ಕೆಡುವುದೇ ಇಲ್ಲ ಎಂದುಕೊಳ್ಳಬೇಡಿ. ತೆಂಗಿನಕಾಯಿ ಚಟ್ನಿ ಬಿಸಿಲಿಗೆ ಮಧ್ಯಾಹ್ನದೊಳಗೇ ಹಳಸುತ್ತದೆ. ರಾತ್ರಿ ಮಾಡಿಟ್ಟ ಅನ್ನವೂ ಹೊಟ್ಟೆ ಕೆಡಿಸುತ್ತದೆ. ಬೆಟ್ಟಕ್ಕೆ ಒಗ್ಗುವುದು ಒಣಗಿಸಿದ್ದು, ಹುರಿದದ್ದು, ಹುಣಸೆಹುಳಿ ಎಣ್ಣೆ ಹಿಡಿದದ್ದು. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ನಮ್ಮ ಅಜ್ಜಿಯರ ಪ್ರಯಾಣದ ಬುತ್ತಿಯಾದದ್ದು ಸುಮ್ಮನೆ ಅಲ್ಲ.

ಮೂರನೆಯದು ಬೆಂಕಿ ಮತ್ತು ನೀರು. ಅಭಯಾರಣ್ಯದೊಳಗೆ ಬೆಂಕಿ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಅರಣ್ಯ ಇಲಾಖೆ ಅನುಮತಿ ಕೊಟ್ಟ ಜಾಗದಲ್ಲಿ ಸಣ್ಣ ಗ್ಯಾಸ್ ಒಲೆಯಲ್ಲೇ ಎಲ್ಲವೂ ಆಗಬೇಕು. ಮೇಲೆ ಹೋದಷ್ಟೂ ನೀರು ಬೇಗ ಕುದಿಯುತ್ತದೆ, ಆದರೆ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಮುಳ್ಳಯ್ಯನಗಿರಿ 1930 ಮೀಟರ್. ಅಲ್ಲಿ 94 ಡಿಗ್ರಿಯ ಆಸುಪಾಸಿನಲ್ಲೇ ನೀರು ಕುದಿಯುತ್ತದೆ. ಆದ್ದರಿಂದ ತೊಗರಿಬೇಳೆಯೂ ಕುರಿಮಾಂಸವೂ ಅಲ್ಲಿ ಸತಾಯಿಸುತ್ತವೆ. ಹೆಸರುಬೇಳೆ ಖಿಚಡಿ ಬೇಗ ಬೇಯುತ್ತದೆ, ಗ್ಯಾಸ್ ಉಳಿಯುತ್ತದೆ.

ಇನ್ನು ಪಾತ್ರೆ. ಕೊಬ್ಬು ಹಿಡಿದ ಪಾತ್ರೆ ತೊಳೆಯಲು ಸೋಪು ಬೇಕು, ತುಂಬಾ ನೀರು ಬೇಕು. ನಲವತ್ತು ಜನರ ಪಾತ್ರೆಯನ್ನು ಹಳ್ಳದಲ್ಲಿ ತೊಳೆದರೆ ಆ ನೀರು ಎಲ್ಲಿಗೆ ಹೋಗುತ್ತದೆ? ತುಂಗಾ, ಭದ್ರಾ ನದಿಗಳು ಹುಟ್ಟುವುದು ಇಂಥ ಬೆಟ್ಟಗಳ ಸಣ್ಣ ಸಣ್ಣ ತೊರೆಗಳಲ್ಲೇ. ಕೆಳಗೆ ಕುಡಿಯುವವರು ನಮ್ಮಂಥ ಊರಿನವರೇ. ಎಸೆದ ಮೂಳೆಗೆ ನಾಯಿ, ಹಂದಿ ಬರುತ್ತವೆ. ಒಂದು ಸಲ ರುಚಿ ಕಂಡ ಪ್ರಾಣಿ ಮುಂದಿನ ಗುಂಪಿನ ಡೇರೆಗೂ ಬರುತ್ತದೆ. ಉಳಿದ ಅನ್ನ ಎಸೆದರೂ ಇದೇ ಕಥೆ. ಒಟ್ಟಿನಲ್ಲಿ ತಿಂದು ಉಳಿಯದಷ್ಟು ಮಾಡಬೇಕು, ಉಳಿದದ್ದನ್ನು ಹೊತ್ತು ಇಳಿಯಬೇಕು.

ದೂರದ ಒಂದು ಉದಾಹರಣೆ ಕೊಡುತ್ತೇನೆ. ನೇಪಾಳದಲ್ಲಿ ಎವರೆಸ್ಟ್ ಬುಡಕ್ಕೆ ಹೋಗುವ ದಾರಿ ಶೆರ್ಪಾ ಜನರ ಖುಂಬು ಪ್ರದೇಶದ ಮೂಲಕ ಹಾದುಹೋಗುತ್ತದೆ. ಶೆರ್ಪಾಗಳು ಮಾಂಸ ತಿನ್ನುವವರೇ. ಆದರೆ ಬೌದ್ಧ ಸಂಪ್ರದಾಯದಂತೆ ಆ ಕಣಿವೆಯಲ್ಲಿ ಪ್ರಾಣಿ ಕಡಿಯುವುದಿಲ್ಲ. ಮಾಂಸವನ್ನು ಕೆಳಗಿನ ಊರುಗಳಿಂದ ಹಮಾಲರು ದಿನಗಟ್ಟಲೆ ಹೊತ್ತು ತರಬೇಕು. ಅದಕ್ಕೇ ಅಲ್ಲಿಯ ದಾರಿ ತೋರಿಸುವವರೇ ಅತಿಥಿಗಳಿಗೆ ದಾಲ್ ಭಾತ್ ತಿನ್ನಿ, ಮೇಲೆ ಹೋದಂತೆ ಮಾಂಸ ಬೇಡ ಎನ್ನುತ್ತಾರೆ. ಬೇಳೆ, ಅನ್ನ, ಒಂದಿಷ್ಟು ಪಲ್ಯ. ಮಾಂಸ ತಿನ್ನುವುದು ತಪ್ಪು ಎಂದು ಅವರು ಯಾರಿಗೂ ಹೇಳುವುದಿಲ್ಲ. ಇಲ್ಲಿಗೆ ಬರುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ ಎಂದಷ್ಟೇ ಹೇಳುತ್ತಾರೆ.

ನಮ್ಮಲ್ಲೂ ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಹತ್ತಿರ ಅನ್ನ, ಸಾಂಬಾರ್, ಮಜ್ಜಿಗೆ ಉಂಡು ಮೇಲೆ ಹತ್ತಿದವರು ಎಷ್ಟು ಸಾವಿರವೋ. ಯಾರ ಕಾಲೂ ಅದರಿಂದ ಸೋತಿಲ್ಲ. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ನಮ್ಮದೇ ತಾನೇ?

ಈಗ ಕೋಳಿಸಾರಿನ ಪರವಾಗಿ ಮಾತಾಡಿದವರಿಗೆ ನ್ಯಾಯ ಸಲ್ಲಬೇಕು. ಮಕ್ಕಳಿಗೆ ಪ್ರೋಟೀನ್ ಬೇಕು ಎಂಬ ಅವರ ಮಾತು ಸರಿ. ದೊಡ್ಡವರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಐವತ್ತು ಕಿಲೋ ತೂಗುವವರಿಗೆ ಸುಮಾರು 42 ಗ್ರಾಂ ಆಯಿತು. ಬೆಳೆಯುವ, ಬೆಟ್ಟ ಹತ್ತುವ ಮಕ್ಕಳಿಗೆ ಇನ್ನಷ್ಟು ಇರಲಿ. ನಾನು ಒಂದು ಪಟ್ಟಿ ಮಾಡಿದ್ದೇನೆ. ಒಂದು ಮಗುವಿಗೆ ಒಂದು ದಿನಕ್ಕೆ ಅಕ್ಕಿ 200 ಗ್ರಾಂ, ಹೆಸರುಬೇಳೆ 60, ಗೋಧಿಹಿಟ್ಟು 100, ಅವಲಕ್ಕಿ 100, ಕಡಲೆಕಾಯಿ ಬೀಜ 80, ಹುರಿಗಡಲೆ 50, ಬೆಲ್ಲ 50, ಎಣ್ಣೆ ಅಥವಾ ತುಪ್ಪ 30. ಒಟ್ಟು ತೂಕ 670 ಗ್ರಾಂ. ಶಕ್ತಿ ಸುಮಾರು 2700 ಕ್ಯಾಲೊರಿ, ಪ್ರೋಟೀನ್ 70 ಗ್ರಾಂಗಿಂತ ಹೆಚ್ಚು. ಅಕ್ಕಿಯಲ್ಲಿ ಕಡಿಮೆ ಇರುವುದನ್ನು ಬೇಳೆ ತುಂಬಿಕೊಡುತ್ತದೆ. ಇನ್ನೂ ಹಸಿವಾಗುವವರಿಗೆ ಅವಲಕ್ಕಿ ಬೆಲ್ಲ ಹೆಚ್ಚಿಗೆ ಒಯ್ಯೋಣ. ಬಿ12 ಎಂಬ ಜೀವಸತ್ವ ಕಾಳು ಸೊಪ್ಪುಗಳಲ್ಲಿ ಇಲ್ಲ. ಮಾಂಸ, ಮೊಟ್ಟೆ, ಹಾಲಿನಲ್ಲಿ ಇದೆ, ನಿಜ. ಆದರೆ ದೇಹ ಅದನ್ನು ಯಕೃತ್ತಿನಲ್ಲಿ ಕೂಡಿಟ್ಟುಕೊಂಡಿರುತ್ತದೆ. ಮೂರು ದಿನದ ಚಾರಣದಲ್ಲಿ ಕೊರತೆ ಬರುವ ಮಾತೇ ಇಲ್ಲ.

ಅವರ ಇನ್ನೊಂದು ಮಾತೂ ಸರಿ. ಮಾಂಸಾಹಾರವೆಲ್ಲ ಭಾರ, ಎಲ್ಲವೂ ಕೆಡುತ್ತದೆ ಎಂದಲ್ಲ. ಒಣಮೀನು ನೋಡಿ. ಹಗುರ, ಮಳೆಗಾಲವಿಡೀ ಇಟ್ಟರೂ ಕೆಡದು, ತೂಕದಲ್ಲಿ ಸುಮಾರು ಅರ್ಧ ಪ್ರೋಟೀನೇ. ಉಪ್ಪು ಜಾಸ್ತಿ, ಬಾಯಾರಿಕೆ ಹೆಚ್ಚು ಎಂಬುದೊಂದೇ ತೊಂದರೆ. ಬಡವರ ಬುತ್ತಿಯಲ್ಲಿ ಎಷ್ಟೋ ಕಾಲದಿಂದ ಇದ್ದದ್ದು ಅದು. ತೂಕದ ಲೆಕ್ಕ, ಕೆಡುವ ಲೆಕ್ಕ ಎರಡರಲ್ಲೂ ಒಣಮೀನು ಪಾಸಾಗುತ್ತದೆ. ಅದನ್ನೂ ಬೇಡ ಎಂದರೆ ನಮ್ಮ ಲೆಕ್ಕ ತೂಕದ್ದಲ್ಲ, ಬೇರೆ ಯಾವುದೋ ಎಂದಾಗುತ್ತದೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯ ಮಕ್ಕಳ ಜೊತೆ ಸಹಾಯಕ್ಕೆ ಹೋಗಿದ್ದೆ. ಹೊರಡುವ ಮುಂಚೆ ಅವರಿಗೆ, "ಬೆಟ್ಟ ಪವಿತ್ರ, ಅಂಥದ್ದೇನೂ ತರಬಾರದು" ಎಂದಷ್ಟೇ ಹೇಳಿದ್ದರು. ಮಧ್ಯಾಹ್ನ ಎಲ್ಲರೂ ದುಂಡಗೆ ಕುಳಿತು ಬುತ್ತಿ ಬಿಚ್ಚಿದಾಗ ಒಬ್ಬ ಹುಡುಗ ಕಾಣಲಿಲ್ಲ. ಬಂಡೆಯ ಹಿಂದೆ ನಮಗೆ ಬೆನ್ನು ಮಾಡಿ ಕುಳಿತಿದ್ದ. "ಏನಪ್ಪಾ, ಒಬ್ಬನೇ?" ಎಂದೆ. ಕೈಯಲ್ಲಿದ್ದ ಡಬ್ಬಿಯನ್ನು ಚೀಲಕ್ಕೆ ತುರುಕಿ, "ಏನಿಲ್ಲ ಸಾರ್" ಎಂದ. ಅವನ ಅಜ್ಜಿ ಕಟ್ಟಿಕೊಟ್ಟ ಒಣಸಿಗಡಿ ಚಟ್ನಿ ಅದು. ಮುಂದಿನ ಎರಡು ದಿನ ಅವನು ಆ ಡಬ್ಬಿ ತೆಗೆಯಲೂ ಇಲ್ಲ, ನಮ್ಮ ಜೊತೆ ಕುಳಿತು ಹೊಟ್ಟೆ ತುಂಬ ಉಣ್ಣಲೂ ಇಲ್ಲ. ತನ್ನ ಅಜ್ಜಿಯ ಅಡುಗೆ ನಾಚಿಕೆಪಡುವಂಥದ್ದು ಎಂಬುದನ್ನು ಅವನು ಆ ಬೆಟ್ಟದಲ್ಲಿ ಕಲಿತ.

ಕಾರಣ ಹೇಳದೆ ನಿಯಮ ಮಾಡಿದರೆ ಮಕ್ಕಳು ತಾವೇ ಒಂದು ಕಾರಣ ಊಹಿಸಿಕೊಳ್ಳುತ್ತವೆ. ಮಾಂಸ ತಿನ್ನುವ ಮನೆಯ ಮಗು ತಾನು ಕೀಳು ಎಂದುಕೊಳ್ಳುತ್ತದೆ. ತಿನ್ನದ ಮನೆಯ ಮಗು ತಾನು ಮೇಲು ಎಂದುಕೊಳ್ಳುತ್ತದೆ. ಎರಡೂ ಕೆಟ್ಟ ಪಾಠವೇ. "ಸೊಪ್ಪು ತಿನ್ನೋನು ಬೆಟ್ಟ ಹತ್ತುತ್ತಾನಾ" ಎಂದು ಸಸ್ಯಾಹಾರಿ ಮಕ್ಕಳನ್ನು ಗೇಲಿ ಮಾಡುವುದನ್ನೂ ಕೇಳಿದ್ದೇನೆ. ಅದೂ ಬೇಡ. ಬೆಟ್ಟದ ತುದಿಯಲ್ಲಿ ದೇವಸ್ಥಾನವಿದ್ದರೆ ಅಲ್ಲಿಯ ಪದ್ಧತಿಯನ್ನು ಎಲ್ಲರೂ ಪಾಲಿಸೋಣ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಹಾಗೆ, ಅದು ಆ ಜಾಗಕ್ಕೆ ಕೊಡುವ ಮರ್ಯಾದೆ. ಯಾರ ಮನೆಯ ಅಡುಗೆಗೂ ಅದು ಅವಮಾನವಲ್ಲ ಎಂಬುದನ್ನು ಬಾಯಿಬಿಟ್ಟು ಹೇಳೋಣ.

ಹಾಗಾಗಿ ನನ್ನ ಸಲಹೆ ಇಷ್ಟು. ಬೆಟ್ಟದ ಮೇಲೆ ಒಂದೇ ಪಾತ್ರೆ, ಒಂದೇ ಸೌಟು, ಎಲ್ಲರೂ ಉಣ್ಣಬಹುದಾದ ಅಡುಗೆ. ಹೊರಡುವ ಹಿಂದಿನ ದಿನ ಮಕ್ಕಳನ್ನು ಕೂರಿಸಿಕೊಂಡು ತಕ್ಕಡಿಯಲ್ಲಿ ತೂಗಿ ತೋರಿಸಿ ಕಾರಣ ಹೇಳಬೇಕು. ವಿಜ್ಞಾನದ ಮೇಷ್ಟ್ರಿಗೆ ಅದೊಂದು ಒಳ್ಳೆಯ ಪಾಠವಾಗುತ್ತದೆ. ಬಿಸಿಯೂಟದಲ್ಲಿ ಬೇಕಾದವರಿಗೆ ಮೊಟ್ಟೆ, ಬೇಡದವರಿಗೆ ಬಾಳೆಹಣ್ಣು ಕೊಡುವ ಪದ್ಧತಿ ನಮ್ಮ ಮಕ್ಕಳಿಗೆ ಈಗಾಗಲೇ ಗೊತ್ತು. ಬೆಟ್ಟಕ್ಕೂ ಅದೇ ಪದ್ಧತಿ ಬರಲಿ. ಹಸಿ ಮೊಟ್ಟೆಯನ್ನು ಒಡೆಯದಂತೆ ಹೊತ್ತು, ಬೆಳಿಗ್ಗೆ ಬೇರೆ ಸಣ್ಣ ಪಾತ್ರೆಯಲ್ಲಿ ಬೇಯಿಸಿ ಕೂಡಲೇ ತಿನ್ನಲಿ. ಮನೆಯಿಂದ ಒಣಮೀನೋ ಸಿಗಡಿ ಚಟ್ನಿಯೋ ತಂದ ಮಗು ಅದನ್ನು ಎಲ್ಲರ ನಡುವೆ ಕುಳಿತೇ ತಿನ್ನಲಿ. ವಾಸನೆ ಆಗದವರು ಸ್ವಲ್ಪ ಆಚೆ ಕುಳಿತರೆ ಸಾಕು, ಮೂಗು ಮುಚ್ಚಿಕೊಂಡು ನಗುವುದು ಬೇಡ.

ಕೋಳಿಸಾರನ್ನು ಮರೆತಿಲ್ಲ. ಮೂರನೆಯ ದಿನ ಇಳಿದು ಬಂದ ಮೇಲೆ ಬೆಟ್ಟದ ಬುಡದಲ್ಲಿ ಒಂದು ಊಟ ಇಡೋಣ. ಬಿಸಿ ಮುದ್ದೆ, ಬೇಕಾದವರಿಗೆ ಆಗಷ್ಟೇ ಮಾಡಿದ ಕೋಳಿಸಾರು, ಬೇಡದವರಿಗೆ ಕಾಳುಸಾರು. ಅಲ್ಲಿ ನೀರು ಇದೆ, ಒಲೆ ಇದೆ, ಆಸ್ಪತ್ರೆಯ ದಾರಿಯೂ ಇದೆ. ಪಂಕ್ತಿ ಮಾತ್ರ ಒಂದೇ ಇರಬೇಕು. ಆ ಊಟದ ಖರ್ಚು ನಮ್ಮ ಬ್ಯಾಚಿನವರದು ಎಂದು ಗೆಳೆಯರನ್ನು ಕೇಳದೆಯೇ ಇಲ್ಲಿ ಘೋಷಿಸುತ್ತಿದ್ದೇನೆ. ಬಡಿಸಲು ಊರಿನ ತಾಯಂದಿರು ನಾಲ್ಕು ಜನ ಬಂದರೆ ನಮಗೆ ಧೈರ್ಯ.