ಎಂಜಿನ್ ನಿಂತ ಮೇಲೆ

ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಆ ಎಂಜಿನ್ನೂ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆ ಎಂಬುದು ನಮ್ಮಲ್ಲಿ ಹಲವರ ನಂಬಿಕೆ. ಹಾಗೇನೂ ಆಗುವುದಿಲ್ಲ. ತರಬೇತಿಗೆ ಬಹಳ ಕಡೆ ಬಳಸುವ ಸೆಸ್ನಾ 172 ವಿಮಾನವು ಎಂಜಿನ್ ಇಲ್ಲದೆಯೂ 1,000 ಅಡಿ ಕೆಳಗಿಳಿಯುವಷ್ಟರಲ್ಲಿ ಸುಮಾರು 9,000 ಅಡಿ ಮುಂದಕ್ಕೆ ತೇಲುತ್ತದೆ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಗೆ ಬೇಕಾದ ವೇಗವನ್ನು ಎಂಜಿನ್ ಕೊಡದಿದ್ದರೆ, ಇರುವ ಎತ್ತರವನ್ನು ವ್ಯಯಿಸಿ ಪಡೆದುಕೊಳ್ಳಬಹುದು. ಹಾಗಿದ್ದೂ ಪ್ರಾಣ ಹೋಗುವುದೇಕೆ? ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗಾಗಿ ಹೊರತಂದಿರುವ ಕೈಪಿಡಿ ಇಲ್ಲಿ ಯಂತ್ರವನ್ನು ಬಿಟ್ಟು ಮನಸ್ಸಿನ ಕಡೆ ಬೆರಳು ತೋರಿಸುತ್ತದೆ. ಆಪತ್ತು ಬಂದಿದೆ ಎಂದು ಒಪ್ಪಿಕೊಳ್ಳಲು ಹಿಂಜರಿಯುವುದು, ವಿಮಾನಕ್ಕೆ ಪೆಟ್ಟಾಗಬಾರದೆಂಬ ಆಸೆ, ತನಗೆ ಗಾಯವಾದೀತೆಂಬ ಅತಿಯಾದ ಭಯ, ಇವೇ ಅದು ಹೇಳುವ ಅಪಾಯಗಳು. ಮೂರರಲ್ಲಿ ಎರಡನೆಯದೇ ಹೆಚ್ಚು ಮೋಸದ್ದು ಎಂದು ನನಗನಿಸುತ್ತದೆ, ಏಕೆಂದರೆ ಅದು ಜವಾಬ್ದಾರಿಯ ವೇಷದಲ್ಲಿ ಬರುತ್ತದೆ.

ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇ ಹಿಂದೆಯೇ ಇದೆಯಲ್ಲ, ತಿರುಗಿ ಬಂದರಾಗದೆ ಎಂದು ಕೇಳಬಹುದು. ಎತ್ತರ ಸಾಕಷ್ಟಿದ್ದರೆ ಆದೀತು. ಆದರೆ ಆಗತಾನೇ ಮೇಲೇರಿದ ವಿಮಾನ ಅರ್ಧ ಸುತ್ತು ತಿರುಗಿದರೂ ರನ್‌ವೇಯ ಪಕ್ಕಕ್ಕೆ ಬಂದಿರುತ್ತದೆಯೇ ಹೊರತು ನೇರಕ್ಕಲ್ಲ, ಇನ್ನಷ್ಟು ತಿರುಗಬೇಕು. ಬೇಗ ತಿರುಗಲು 60 ಡಿಗ್ರಿ ವಾಲಿಸಿದರೆ, ರೆಕ್ಕೆ ಹಿಡಿತ ಕಳೆದುಕೊಳ್ಳುವ ವೇಗದ ಮಿತಿ ಶೇಕಡಾ 40ರಷ್ಟು ಮೇಲೇರುತ್ತದೆ. ರೆಕ್ಕೆ ಹೀಗೆ ಹಿಡಿತ ಕಳೆದುಕೊಳ್ಳುವುದನ್ನೇ ಪೈಲಟ್‌ಗಳು ಸ್ಟಾಲ್ ಎನ್ನುತ್ತಾರೆ. ನೆಲದ ಸಮೀಪ ಸ್ಟಾಲ್ ಆದರೆ ಸರಿಪಡಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. 2015ರ ಮಾರ್ಚ್‌ನಲ್ಲಿ ನಟ ಹ್ಯಾರಿಸನ್ ಫೋರ್ಡ್ ಹಾರಿಸುತ್ತಿದ್ದ 1942ರ ಕಾಲದ ವಿಮಾನದ ಎಂಜಿನ್, ಸಾಂಟಾ ಮೋನಿಕಾದಿಂದ ಹೊರಟ ಸ್ವಲ್ಪ ಹೊತ್ತಿಗೇ ಕೈಕೊಟ್ಟಿತು. ಕಾರ್ಬ್ಯುರೇಟರಿನಲ್ಲಿ ಹರಿವನ್ನು ಹಿಡಿತದಲ್ಲಿಡುವ ಜೆಟ್ ಎಂಬ ಬಿಡಿಭಾಗ ಸಡಿಲಗೊಂಡು ಇಂಧನ ಮಿತಿಮೀರಿ ಹರಿದಿತ್ತು. ಅವರೂ ಮೊದಲು ವಾಪಸಾಗುತ್ತೇನೆಂದೇ ರೇಡಿಯೋದಲ್ಲಿ ಹೇಳಿದರು. ತಲುಪುವುದಿಲ್ಲವೆಂದು ಕಂಡಾಗ ಹಟ ಹಿಡಿಯದೆ ಗಾಲ್ಫ್ ಮೈದಾನದಲ್ಲಿ ಇಳಿಸಿದರು. ಗಾಯ ಬಲವಾಗಿಯೇ ಆಯಿತು, ಜೀವ ಉಳಿಯಿತು. ನಮ್ಮ ಬೆಳಗಾವಿಯಲ್ಲೂ 2023ರ ಮೇ ತಿಂಗಳಲ್ಲಿ ಸಾಂಬ್ರಾ ವಿಮಾನ ನಿಲ್ದಾಣದಿಂದ ಹೊರಟ ತರಬೇತಿ ವಿಮಾನವೊಂದು ಹೊನ್ನಿಹಾಳದ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು.

ಹೊಲದಲ್ಲಿ ಇಳಿದರೆ ವಿಮಾನ ಮುರಿಯದೇ? ಮುರಿಯಲಿ. ಅದೇ ಕೈಪಿಡಿಯ ಲೆಕ್ಕದಂತೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ ವಿಮಾನ ಒಂದೇ ಸಮನೆ ವೇಗ ಕಳೆದುಕೊಂಡು ಮೂರು ಮೀಟರಿನೊಳಗೆ ನಿಂತರೂ ಒಳಗಿನವರು ತಾಳಿಕೊಳ್ಳಬಲ್ಲರು. ವೇಗ ಇಮ್ಮಡಿಯಾದರೆ ಬೇಕಾಗುವ ದೂರ ನಾಲ್ಕು ಪಟ್ಟು. ಚಕ್ರವೋ ರೆಕ್ಕೆಯೋ ಮುರಿಯುತ್ತ ಆ ಆಘಾತವನ್ನು ನುಂಗಿದರೆ ಅದು ನಷ್ಟವಲ್ಲ, ಅವು ಮಾಡುವ ಕೊನೆಯ ಕೆಲಸ. ಇದೆಲ್ಲ ನೆಲದ ಮೇಲೆ ಕುಳಿತವರಿಗೆ ಸುಲಭ, ಆ ಗಳಿಗೆಯಲ್ಲಿ ಯಾರಿಗೆ ಹೊಳೆದೀತು ಎಂಬ ಆಕ್ಷೇಪ ನ್ಯಾಯವಾದುದೇ. ಆ ಗಳಿಗೆಯ ವಿವೇಕವನ್ನು ಒಳ್ಳೆಯ ಬೋಧಕರೂ ನಂಬುವುದಿಲ್ಲ. ಆದ್ದರಿಂದಲೇ ಟೇಕಾಫ್‌ಗೆ ಮುಂಚೆ, ಎಂಜಿನ್ ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, ಇಷ್ಟು ಅಡಿಗಿಂತ ಕೆಳಗೆ ಅದು ನಿಂತರೆ ಹಿಂದಿರುಗುವುದಿಲ್ಲ, ಎದುರಿಗಿರುವ ಬಯಲಿನಲ್ಲೇ ಇಳಿಸುತ್ತೇನೆ ಎಂದು ಶಿಷ್ಯನ ಬಾಯಿಂದ ಗಟ್ಟಿಯಾಗಿ ಹೇಳಿಸುತ್ತಾರೆ.