ಬರಗಾಲದಲ್ಲಿ ಅಧಿಕ ಮಾಸ

(ಪದವಿ ಕಾಲೇಜೊಂದರ ಇತಿಹಾಸ ಸಂಘದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬರಗಾಲದಲ್ಲಿ ಅಧಿಕ ಮಾಸ ಎಂಬ ಗಾದೆ ನಮಗೆಲ್ಲ ಗೊತ್ತು. ತಿಂಗಳ ಕೊನೆಗೆ ನೆಂಟರು ಬಂದರೆ, ಪರೀಕ್ಷೆಯ ಹೊತ್ತಿಗೆ ಜ್ವರ ಬಂದರೆ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಮೊದಲೇ ಕಣಜ ಬರಿದಾದ ವರ್ಷ, ಹನ್ನೆರಡರ ಬದಲು ಹದಿಮೂರು ತಿಂಗಳು ಹೊಟ್ಟೆ ಹೊರೆಯಬೇಕಲ್ಲ ಎಂಬ ಸಂಕಟ ಈ ಗಾದೆಯ ಹಿಂದಿದೆ.

2023ರಲ್ಲಿ ಇದು ಅಕ್ಷರಶಃ ನಿಜವಾಯಿತು. ಆ ವರ್ಷ ಶ್ರಾವಣ ಅಧಿಕವಾಗಿ ಬಂತು, ಜುಲೈ 18ರಿಂದ ಆಗಸ್ಟ್ 16ರ ತನಕ. ಅದೇ ಆಗಸ್ಟ್, ಹವಾಮಾನ ಇಲಾಖೆ 1901ರಿಂದ ಇಟ್ಟುಕೊಂಡು ಬಂದ ಲೆಕ್ಕದಲ್ಲಿ ದೇಶದ ಅತ್ಯಂತ ಒಣ ಆಗಸ್ಟ್ ಎನಿಸಿತು. ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆ. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಧಿಕ ಮಾಸಕ್ಕೂ ಮಳೆಗೂ ಸಂಬಂಧವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದು ಚಾಂದ್ರಮಾನವನ್ನು ಸೌರಮಾನಕ್ಕೆ ಸರಿದೂಗಿಸುವ ಲೆಕ್ಕಾಚಾರ ಮಾತ್ರ.

ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿ ಎಂದು ನೀವು ಕರೆದಾಗ, ಇದು ವಿಜ್ಞಾನ ಸಂಘದವರ ವಿಷಯವಲ್ಲವೇ ಎಂದು ಮೊದಲು ಅನ್ನಿಸಿತು. ಆಮೇಲೆ ಯೋಚಿಸಿದರೆ ನೀವು ಕರೆದದ್ದೇ ಸರಿ. ಭೂಮಿ ಎಷ್ಟು ಡಿಗ್ರಿ ಬಿಸಿಯಾಗುತ್ತದೆ, ಮಳೆ ಹೇಗೆ ಏರುಪೇರಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಹೇಳಬಲ್ಲರು. ಆದರೆ ಮಳೆ ಕೈಕೊಟ್ಟಾಗ ಮನುಷ್ಯರು ಒಬ್ಬರಿಗೊಬ್ಬರು ಏನು ಮಾಡುತ್ತಾರೆ ಎಂಬುದಕ್ಕೆ ಹಳೆಯ ಕಾಗದಗಳನ್ನೇ ತೆರೆಯಬೇಕು.

ಬರ ಬೇರೆ, ಕ್ಷಾಮ ಬೇರೆ. ಮಳೆ ಬಾರದೆ ಬೆಳೆ ಒಣಗಿದರೆ ಅದು ಬರ. ಜನ ಉಣ್ಣಲಿಲ್ಲದೆ ಸತ್ತರೆ ಅದು ಕ್ಷಾಮ. ಬರ ಆಕಾಶದಿಂದ ಬರುತ್ತದೆ. ಕ್ಷಾಮ ಬರುವ ದಾರಿ ಮಾತ್ರ ನೆಲದ ಮೇಲಿನದು. ಕಚೇರಿ, ಮಾರುಕಟ್ಟೆ, ಊರಬಾಗಿಲುಗಳನ್ನು ಹಾಯ್ದು ಬರುವಂಥದ್ದು. ನಮ್ಮ ನಾಡು ಕಂಡ ದೊಡ್ಡ ಕ್ಷಾಮವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1877ರ ಮುಂಗಾರು ಕೂಡ ಸೆಪ್ಟೆಂಬರ್ ಹತ್ತಿರವಾಗುವವರೆಗೆ ಕಾಣಲಿಲ್ಲ. ಆ ಎರಡು ವರ್ಷಗಳು ಧಾತು ಮತ್ತು ಈಶ್ವರ ಸಂವತ್ಸರಗಳು. ಹಾಗಾಗಿ ಜನ ಅದನ್ನು ಧಾತು ಈಶ್ವರ ಬರ ಎಂದೇ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 50 ಸಾವಿರ. 1881ರ ಗಣತಿಯಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿದಿತ್ತು.

ಮೈಸೂರು ಸೀಮೆ ಬರಕ್ಕೆ ಸಿದ್ಧವಿಲ್ಲದ ನಾಡಾಗಿರಲಿಲ್ಲ. 1860ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಎಂಜಿನಿಯರ್ ಸ್ಯಾಂಕಿ, ಹೊಸದೊಂದು ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎನ್ನುವಷ್ಟು ಕೆರೆಗಳು ಇಲ್ಲಿವೆ ಎಂದು ಬರೆದಿದ್ದ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೂ ನೀರು ಹಂಚಲು ಊರೂರಿಗೆ ನೀರಗಂಟಿ ಇದ್ದ. ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಇಂಥ ಎಚ್ಚರವನ್ನು ಒಂದು ಸಮಾಜ ಕಲಿಯುವುದು ಪುಸ್ತಕದಿಂದಲ್ಲ.

ಆದರೆ ಈ ಏರ್ಪಾಡು ಒಂದು ವರ್ಷದ ಬರವನ್ನು ತಡೆದುಕೊಳ್ಳುವಂಥದ್ದು. ಎರಡನೆಯ ವರ್ಷಕ್ಕೆ ಹಗೇವುಗಳು ಬರಿದಾದವು. ಇನ್ನೊಂದು ಮಾತು: ಹಗೇವು ಇದ್ದದ್ದು ಜಮೀನು ಇದ್ದವರ ಮನೆಯಲ್ಲಿ. ಕೂಲಿಯವನಿಗೆ, ಮಗ್ಗ ನಂಬಿದ ನೇಕಾರನಿಗೆ ಹಗೇವು ಎಲ್ಲಿಯದು? ಅನ್ನಕ್ಕೇ ದುಡ್ಡಿಲ್ಲದಾಗ ಸೀರೆ ಕೊಳ್ಳುವವರು ಯಾರು? ಬೆಳೆಯನ್ನೇ ಬೆಳೆಯದ ನೇಕಾರ, ಬೆಳೆ ಹೋದ ರೈತನಿಗಿಂತ ಮೊದಲೇ ಬೀದಿಗೆ ಬಿದ್ದ.

ಧಾನ್ಯ ಎಲ್ಲೂ ಇರಲಿಲ್ಲವೇ? ಇತ್ತು. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ರೈಲಿನಲ್ಲಿ ಧಾನ್ಯವೂ ಬಂತು. ನಿಲ್ದಾಣದಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಸಾಯುತ್ತಿದ್ದವು. ಅದಕ್ಕಿಂತ ಮುಖ್ಯವಾಗಿ, ಬಂದ ಧಾನ್ಯ ಮಾರಾಟಕ್ಕೆ ಬಂದದ್ದು. ಬೆಲೆ ಏರಿತ್ತು, ಕೈಯಲ್ಲಿ ಕಾಸಿರಲಿಲ್ಲ. ಬೆಲೆ ಕಟ್ಟುವುದು ವ್ಯಾಪಾರಿಗಳ ಕೆಲಸ, ಸರ್ಕಾರ ಕೈಹಾಕಬಾರದು ಎಂಬುದು ವೈಸ್‌ರಾಯ್ ಲಿಟ್ಟನ್‌ನ ನಿಲುವು. ದೇಶದಿಂದ ಹೊರಗೆ ಹೋಗುವ ಧಾನ್ಯವನ್ನೂ ತಡೆಯಲಿಲ್ಲ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆದಾಗ ದಕ್ಷಿಣದಲ್ಲಿ ಜನ ಸಾಯುತ್ತಿದ್ದರು.

ಪರಿಹಾರ ಕಾಮಗಾರಿಗಳೇನೋ ಇದ್ದವು. ಖರ್ಚು ತಗ್ಗಿಸಲು ಬಂದ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತದಲ್ಲಿ, ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಒಂದು ಆಣೆ ಸಾಕೆಂದು ಗೊತ್ತುಮಾಡಿದ. ಬಳ್ಳಾರಿ ಆಗ ಆ ಪ್ರಾಂತಕ್ಕೇ ಸೇರಿತ್ತು. ಪ್ರಾಂತದ ಆರೋಗ್ಯ ಕಮಿಷನರ್ ಡಾ. ಕಾರ್ನಿಶ್, ದುಡಿಯುವ ಮೈಗೆ ಇದು ಸಾಲದು ಎಂದು ಸರ್ಕಾರದೊಳಗೇ ಇದ್ದು ಹಟ ಹಿಡಿದು ವಾದಿಸಿದ. 1877ರಲ್ಲೇ ಕೂಲಿ ಏರಿಸಬೇಕಾಯಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಸೊರಗಿದ ಮೈಗಳಿಗೆ ಕಾಲರಾ ಬಂತು. ಕೊನೆಗೂ ಮಳೆ ಬಂದಾಗ ಅದರ ಹಿಂದೆಯೇ ಮಲೇರಿಯಾ ಬಂತು.

ಮದ್ರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ ಇದನ್ನೆಲ್ಲ 1878ರಲ್ಲಿ ಎರಡು ಸಂಪುಟಗಳಲ್ಲಿ ಬರೆದಿಟ್ಟ. ಹೂಪರ್ ಎಂಬ ಸೈನ್ಯಾಧಿಕಾರಿ ಎಲುಬಿನ ಗೂಡಾದವರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದ. ಆ ಚಿತ್ರಗಳು ಈಗಲೂ ಸಿಗುತ್ತವೆ. ಪತ್ರಿಕೆಯವನಾದ ನನಗೆ ಡಿಗ್ಬಿಯ ಪುಟಗಳ ಮೇಲೆ ಗೌರವ ಹುಟ್ಟುತ್ತದೆ. ಹೂಪರ್‌ನ ಚಿತ್ರಗಳನ್ನು ನೋಡುವಾಗ ಮಾತ್ರ, ಕ್ಯಾಮೆರಾ ಮಡಚಿದ ಮೇಲೆ ಇವರಿಗೆ ಏನಾಯಿತು ಎಂಬ ಯೋಚನೆ ಬಿಡುವುದಿಲ್ಲ.

ಮಳೆ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಆಗ ಏನು ಉತ್ತರ ಸಿಕ್ಕಿತು ನೋಡಿ. ಲಾಕ್ಯರ್ ಮತ್ತು ಹಂಟರ್ ಎಂಬ ಇಬ್ಬರು ವಿದ್ವಾಂಸರು 1877ರಲ್ಲಿ, ಸೂರ್ಯನ ಮೇಲಿನ ಕಲೆಗಳು ಕಡಿಮೆಯಾದಾಗ ದಕ್ಷಿಣ ಭಾರತದಲ್ಲಿ ಕ್ಷಾಮ ಬರುತ್ತದೆ ಎಂಬ ವಾದ ಮುಂದಿಟ್ಟರು. ತಪ್ಪು ಸೂರ್ಯನದು ಎಂದಾದರೆ ಯಾವ ಕಚೇರಿಯೂ ಉತ್ತರ ಹೇಳಬೇಕಿಲ್ಲ! ನಿಜವಾದ ಕಾರಣ ಪೆಸಿಫಿಕ್ ಸಾಗರದಲ್ಲಿತ್ತು. ಅಲ್ಲಿ ಸಮಭಾಜಕ ವೃತ್ತದ ಬಳಿಯ ನೀರು ವಾಡಿಕೆಗಿಂತ ಹೆಚ್ಚು ಬಿಸಿಯಾಗುವುದಕ್ಕೆ ಎಲ್ ನಿನೊ ಎನ್ನುತ್ತಾರೆ. 1877ರದು ಬಹಳ ಪ್ರಬಲವಾದ ಎಲ್ ನಿನೊ. ಅದೇ ಕಾಲದಲ್ಲಿ ಉತ್ತರ ಚೀನಾದಲ್ಲೂ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲೂ ಜನ ಹಸಿವಿನಿಂದ ಸತ್ತರು. ಮುಂದೆ ಗಿಲ್ಬರ್ಟ್ ವಾಕರ್ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿ, ನಮ್ಮ ಮುಂಗಾರಿಗೂ ದೂರದ ಸಾಗರಗಳ ಮೇಲಿನ ವಾಯುಭಾರಕ್ಕೂ ನಂಟಿದೆ ಎಂದು ಅಂಕಿ ಸಂಖ್ಯೆಗಳಿಂದ ತೋರಿಸಿದ.

ಪಂಡಿತರು ಸೂರ್ಯನನ್ನು ದೂರಿದರೆ, ಹಳ್ಳಿಗಳಲ್ಲಿ ದೂರು ಬೇರೆಡೆ ತಿರುಗಿತು. ಇದು ಹಳೆಯ ಕಥೆಯಲ್ಲ. ತೊನ್ನು ಇದ್ದವರ ಹೆಣವನ್ನು ಹೂತರೆ ಮಳೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಬಯಲುಸೀಮೆಯ ಕೆಲವು ಹಳ್ಳಿಗಳಲ್ಲಿದೆ. ಮಳೆ ತಡವಾದ ವರ್ಷಗಳಲ್ಲಿ ಗೋರಿ ಅಗೆದು ಶವ ತೆಗೆದು ಸುಟ್ಟ ಸುದ್ದಿಗಳು ಈ ಕಾಲದ ಪತ್ರಿಕೆಗಳಲ್ಲೂ ಬಂದಿವೆ. ತೊನ್ನು ಅಂಟುರೋಗವಲ್ಲ, ಚರ್ಮದ ಬಣ್ಣ ಹೋಗುವುದಷ್ಟೆ. ಬದುಕಿದ್ದಾಗ ಮದುವೆ ಮುಂಜಿಗಳಲ್ಲಿ ಹಿಂದಿನ ಸಾಲಿಗೆ ತಳ್ಳಿಸಿಕೊಂಡವರಿಗೆ ಸತ್ತ ಮೇಲೂ ಊರಿನ ಬರದ ಹೊಣೆ. ಆ ಮನೆಯವರ ಪಾಡು ಏನಾಗಿರಬೇಕು?

ಎಲ್ಲ ಆಚರಣೆಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಎಂದೂ ನನಗೆ ಅನ್ನಿಸುತ್ತದೆ. ಉತ್ತರ ಕರ್ನಾಟಕದ ಗುರ್ಜಿ ನೋಡಿ. ಮಕ್ಕಳು ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರೆ, ಮನೆಯವರು ಅದರ ಮೇಲೆ ಒಂದು ಚೆಂಬು ನೀರು ಸುರಿಯುತ್ತಾರೆ, ಮೊರದಲ್ಲಿ ಹಿಟ್ಟೋ ಜೋಳವೋ ಕೊಡುತ್ತಾರೆ. ಬಂದದ್ದನ್ನೆಲ್ಲ ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಮಳೆ ಬರಲಿ ಬಿಡಲಿ, ಇದ್ದವರ ಮನೆಯ ಜೋಳ ಇಲ್ಲದವರ ಬಾಯಿಗೆ ಆ ದಿನವಾದರೂ ಹೋಯಿತಲ್ಲ! ಸರ್ಕಾರವೂ ಹಿಂದೆ ಬಿದ್ದಿಲ್ಲ. 2003ರಲ್ಲಿ, ಮತ್ತೆ 2017ರಲ್ಲಿ ವಿಮಾನದಿಂದ ಮೋಡ ಬಿತ್ತನೆ ಮಾಡಿಸಿತು. 2019ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಲು ಆದೇಶಿಸಿತು.

ಧಾತು ಈಶ್ವರ ಬರದಿಂದ ಪಾಠ ಕಲಿಯಲಿಲ್ಲ ಎನ್ನುವಂತಿಲ್ಲ. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಬೆನ್ನಿಗೆ ಕ್ಷಾಮ ಸಂಹಿತೆಗಳು ಬಂದವು. ಬರವನ್ನು ಘೋಷಿಸುವುದು, ಕಂದಾಯ ತಡೆಹಿಡಿಯುವುದು, ತಗಾವಿ ಸಾಲ ಕೊಡುವುದು, ಕೆಲಸ ಕೊಟ್ಟು ಕೂಲಿ ಕೊಡುವುದು, ಈ ಪದ್ಧತಿಗಳು ಬರಹಕ್ಕೆ ಇಳಿದದ್ದು ಆಗ. 1881ರಲ್ಲಿ ಒಡೆಯರ ಕೈಗೆ ಮರಳಿದ ಸಂಸ್ಥಾನದ ತಲೆಯ ಮೇಲೆ ಕ್ಷಾಮದ ಕಾರಣಕ್ಕೆ 80 ಲಕ್ಷ ರೂಪಾಯಿ ಸಾಲವಿತ್ತು. ದಿವಾನ್ ರಂಗಾಚಾರ್ಲು ಆ ಸಾಲ ಹೊತ್ತುಕೊಂಡೇ ಮೈಸೂರಿನವರೆಗೆ ರೈಲು ಹಾಕಿಸಿದರು. ಮುಂದೆ ಪಡಿತರ ಅಂಗಡಿ ಬಂತು, 2005ರಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಬಂತು. 1988ರಲ್ಲಿ ದೇಶದಲ್ಲೇ ಮೊದಲಿಗೆ ಬರ ನಿರ್ವಹಣೆಗೆಂದು ಪ್ರತ್ಯೇಕ ಕೋಶ ತೆರೆದದ್ದು ಕರ್ನಾಟಕ. 2023ರ ಬರದಲ್ಲಿ ಹೆಣಗಳು ಬೀಳಲಿಲ್ಲ. ಬರಕ್ಕೂ ಕ್ಷಾಮಕ್ಕೂ ನಡುವೆ ಇಷ್ಟು ದೂರ ಹುಟ್ಟಿಸಲು ನಮಗೆ ನೂರು ವರ್ಷ ಹಿಡಿಯಿತು.

ಈ ದೂರವನ್ನೇ ಈಗ ಹವಾಮಾನ ಬದಲಾವಣೆ ಕಿರಿದು ಮಾಡುತ್ತಿದೆ. ಕಲ್ಲಿದ್ದಲು, ಪೆಟ್ರೋಲ್ ಸುಟ್ಟ ಹೊಗೆಯಿಂದ ಭೂಮಿ ಕಾಯುತ್ತಿರುವುದು ನಿಮಗೆ ಗೊತ್ತಿದ್ದದ್ದೇ. 2024, ದಾಖಲೆಯಲ್ಲಿರುವ ವರ್ಷಗಳಲ್ಲೆಲ್ಲ ಅತ್ಯಂತ ಬಿಸಿಯಾದ ವರ್ಷ. ಕೈಗಾರಿಕಾ ಯುಗಕ್ಕೆ ಮೊದಲಿದ್ದ ಉಷ್ಣತೆಗಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚು. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವ ಶೇ 7ರಷ್ಟು ಹೆಚ್ಚುತ್ತದೆ. ಹಾಗಾಗಿ ಮೋಡಗಳು ತಿಂಗಳುಗಟ್ಟಲೆ ಸತಾಯಿಸಿ, ಆಮೇಲೆ ಎರಡೇ ದಿನದಲ್ಲಿ ಎಲ್ಲ ಸುರಿದುಬಿಡುತ್ತವೆ. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಮಳೆ ವಾಡಿಕೆಯಷ್ಟೇ ಆಗಿರಬಹುದು, ರಾಗಿ ಮಾತ್ರ ಕೈಗೆ ಬಂದಿರುವುದಿಲ್ಲ.

ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. 1907ರಲ್ಲಿ ಮುಗಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿದ್ದು 2022ರಲ್ಲಿ, 89 ವರ್ಷಗಳ ಮೇಲೆ. ಭದ್ರಾ ನೀರೂ ಅದಕ್ಕೆ ಸೇರಿತ್ತು ನಿಜ, ಆದರೆ ಆ ವರ್ಷದ ಮಳೆಯೂ ಸಾಮಾನ್ಯದ್ದಲ್ಲ. ಬಾಗಿನ ಅರ್ಪಿಸಿ ವರ್ಷ ತುಂಬುವುದರೊಳಗೆ ಜಿಲ್ಲೆ ಮತ್ತೆ ಬರದ ಪಟ್ಟಿಗೆ ಸೇರಿತು. ಹಿಂದೆ ಅಜ್ಜ ಕಂಡದ್ದನ್ನು ಮೊಮ್ಮಗ ಕಾಣುತ್ತಿದ್ದ ಅತಿವೃಷ್ಟಿ, ಅನಾವೃಷ್ಟಿಗಳು ಈಗ ಒಬ್ಬನೇ ರೈತನಿಗೆ ಒಂದರ ಹಿಂದೊಂದು ವರ್ಷದಲ್ಲಿ ಎದುರಾಗುತ್ತಿವೆ. ಎರಡನೆಯ ವರ್ಷಕ್ಕೆ ಹಗೇವು ಬರಿದಾದ ಕಥೆ ಹೇಳಿದ್ದು ಇದಕ್ಕೇ.

ಹೀಗಾದಾಗ ಜನ ಮಾಡುವುದು ಹಿಂದೆ ಮಾಡಿದ್ದನ್ನೇ: ಗುಳೆ ಹೋಗುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ. ಬಾಗಿಲಿಗೆ ಬೀಗ, ಜಗಲಿಯ ಮೇಲೆ ಮುದುಕರು, ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೇ ನೀರಿಲ್ಲದಂತಾಯಿತು. ಸುಮಾರು 14 ಸಾವಿರ ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಊರಿನಲ್ಲಿ ನೀರಿಲ್ಲವೆಂದು ಬಂದವರು ಇಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲಬೇಕಾಯಿತು. ಅಪಾರ್ಟ್‌ಮೆಂಟಿನವರು ಟ್ಯಾಂಕರನ್ನೇ ಒಳಗೆ ಕರೆಸಿಕೊಂಡರು, ಬೆಲೆ ಎಷ್ಟೇ ಇರಲಿ. 1877ರಲ್ಲಿ ಧಾನ್ಯಕ್ಕೆ ಆದದ್ದು ಈ ಬಾರಿ ನೀರಿಗೆ ಆಯಿತು. ಟ್ಯಾಂಕರಿನ ಬೆಲೆಗೆ ಸರ್ಕಾರ ಮಿತಿ ಹಾಕಿತು ಎಂಬುದು ಮಾತ್ರ ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವೇನಲ್ಲ.

ಪರಿಹಾರದ ಹಣಕ್ಕೆ ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಿದ್ದು 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,450 ಕೋಟಿ. ಈ ಜಗಳದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ದಿನವೂ ಬರೆದೆವು. ಅಷ್ಟಾಗಿ ಬರೆಯದೆ ಹೋದದ್ದು ಇನ್ನೊಂದಿದೆ. ಬೆಳೆ ಪರಿಹಾರ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಬಾಯಿಮಾತಿನ ಗೇಣಿಗೆ ಹೊಲ ಮಾಡಿದವನಿಗೆ, ಕಳೆ ಕೀಳಲು ಹೋಗುವ ಹೆಣ್ಣಾಳಿಗೆ, ಕುರಿ ಕಾಯುವವನಿಗೆ ಪಹಣಿಯಿಲ್ಲ. ಹಗೇವು ಇಲ್ಲದ ಮನೆಗಳು ಎಂದು ಆಗ ಹೇಳಿದೆನಲ್ಲ, ಅವೇ ಮನೆಗಳು.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ. ನಿಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರು ಬರದ ವರ್ಷಗಳ ಬಗ್ಗೆ ಏನಾದರೂ ಹೇಳಿದ್ದರೆ, ಯಾವ ಸೊಪ್ಪು ತಿಂದೆವು, ಯಾರ ಮನೆಯಿಂದ ಕಾಳು ತಂದೆವು ಎಂಬಂಥ ಮಾತುಗಳಿದ್ದರೆ ಅವನ್ನೂ ಹೇಳಿ. ಬರೆದುಕೊಳ್ಳುತ್ತೇನೆ.