ಶಾಲೆಯಲ್ಲಿ ತೊಗಲಿನ ಕೆಲಸ: ಪಾಲಕರೊಡನೆ ನಾಲ್ಕು ಮಾತು

(ಭಂಡಾರಕವಠೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಐದರಿಂದ ಏಳನೆಯ ಇಯತ್ತೆಯವರೆಗಿನ ಅರವತ್ತು ಮಕ್ಕಳಿಗೆ ಒಂದು ದಿನ ತೊಗಲಿನ ಕೆಲಸ ಕಲಿಸಬೇಕೆಂದು ಗೊತ್ತು ಮಾಡಿದಾಗ, ಮೊದಲು ನನ್ನ ಬಳಿ ಬಂದವರು ಒಬ್ಬ ತಂದೆ. ಅವರ ಮನೆತನದ ಕಸುಬೇ ಅದು. "ನಾವು ಬಿಟ್ಟ ಕೆಲಸ ಮತ್ತ ನಮ್ಮ ಹುಡುಗನ ಕೈಯಾಗ ಯಾಕ ಕೊಡ್ತೀರಿ, ಗುರುಗಳೆ? ಅಂವ ಓದಲಿ ಅಂತ ಸಾಲಿಗೆ ಕಳಿಸೀನಿ" ಎಂದರು. ಅದೇ ಸಂಜೆ ಬಂದ ಒಬ್ಬ ತಾಯಿ, "ನಮ್ಮ ಮನ್ಯಾಗ ತೊಗಲು ಮುಟ್ಟಂಗಿಲ್ರಿ, ನಮ್ಮ ಹುಡುಗಿನ್ನ ಬಿಟ್ಟುಬಿಡ್ರಿ" ಎಂದರು.

ಎರಡು ಮಾತೂ ಒಂದೇ ಬೇರಿನಿಂದ ಹುಟ್ಟಿದವು. ಆ ತಂದೆಗೆ ಅವಮಾನದ ನೆನಪು. ಆ ತಾಯಿಗೆ ಮೈಲಿಗೆಯ ಅಂಜಿಕೆ. ನಾನು ಇಬ್ಬರಿಗೂ ಕೊಟ್ಟ ಉತ್ತರ ಒಂದೇ: ಕಲಿತರೆ ಎಲ್ಲ ಮಕ್ಕಳೂ ಕಲಿಯಬೇಕು, ಇಲ್ಲವಾದರೆ ಯಾರೂ ಬೇಡ. ಸಮಗಾರರ ಹುಡುಗನೊಬ್ಬನಿಗೇ ದಬ್ಬಣ ಕೊಟ್ಟರೆ ಅದು ಶಿಕ್ಷಣವಲ್ಲ, ಜಾತಿಯ ಮೊಹರು. ಗೌಡರ ಮಗಳು, ಕುರುಬರ ಹುಡುಗ, ಮುಲ್ಲಾನ ಮಗ, ಸಮಗಾರರ ಹುಡುಗ ಒಂದೇ ಚಾಪೆಯ ಮೇಲೆ ಕುಳಿತು ಹೊಲಿದರೆ ಮಾತ್ರ ಅದು ಶಾಲೆಯ ಕೆಲಸವಾಗುತ್ತದೆ. ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾರೂ ಅಂದ್ರ ಆಗಲಿ" ಎಂದರು.

ನಮ್ಮ ಭಾಗದವರು ಸೊನ್ನಲಿಗೆಯ ಸಿದ್ಧರಾಮನಿಗೆ ನಡೆದುಕೊಳ್ಳುವವರು. ಬಸವ ಜಯಂತಿಗೆ ಸಮಗಾರ ಹರಳಯ್ಯನ ಹೆಸರು ಹೇಳದ ಭಾಷಣವಿಲ್ಲ. ತನ್ನ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಅವನ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಹರಳಯ್ಯನ ಕೈಕೆಲಸವನ್ನು ಶಾಲೆಯೊಳಗೆ ಕರೆಯಲು ಹಿಂದೆಮುಂದೆ ನೋಡುತ್ತೇವೆ. ಪಟಕ್ಕೆ ಹೂಮಾಲೆ, ಕಸುಬಿಗೆ ಹೊಸ್ತಿಲಾಚೆ ಜಾಗ! ಇದು ಸರಿಯೇ ಎಂದು ನಾವೇ ಕೇಳಿಕೊಳ್ಳಬೇಕು.

ಇನ್ನು ಆ ದಿನದ ಕೆಲಸ ಹೇಗೆ ನಡೆಯಿತು ಎಂಬುದನ್ನು ಹೇಳುತ್ತೇನೆ. ಅರವತ್ತು ಮಕ್ಕಳು, ನೂರಿಪ್ಪತ್ತು ಸೂಜಿ ಎಂದರೆ ಯಾವ ತಾಯಿಗಾದರೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ವಿವರ ಹೇಳಬೇಕು.

ಆರಿಸಿಕೊಂಡ ವಸ್ತು ಒಂದು ಸಣ್ಣ ಚೀಲ. ಎಂಟು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ಉದ್ದದ ಒಂದೇ ತುಂಡು. ಮಡಚಿದರೆ ಎಂಟು ಸೆಂಟಿಮೀಟರಿನ ಚೀಲ, ಮೇಲೆ ನಾಲ್ಕು ಸೆಂಟಿಮೀಟರಿನ ಮುಚ್ಚಳ. ಎರಡು ಬದಿ ಹೊಲಿದರೆ ಕೆಲಸ ಮುಗಿಯಿತು. ಅರವತ್ತು ಚೀಲಕ್ಕೆ ಹತ್ತು ಚದರ ಅಡಿಗಿಂತ ಸ್ವಲ್ಪ ಹೆಚ್ಚು ತೊಗಲು ಬೇಕು; ಅಂಚು, ಕಲೆ, ತೂತು ಬಿಟ್ಟು ಲೆಕ್ಕ ಹಾಕಿ ಹದಿಮೂರು ಚದರ ಅಡಿ ತಂದೆವು. ಹೊಲಿಗೆಯ ಉದ್ದದ ನಾಲ್ಕು ಪಟ್ಟು ದಾರ, ಜೊತೆಗೆ ಕೈಯಲ್ಲಿ ಹಿಡಿಯಲು ಒಂದು ಗೇಣು. ಹಾಗೆ ಬದಿಗೆ ಅರ್ಧ ಮೀಟರಿನಂತೆ ಒಟ್ಟು ಅರವತ್ತು ಮೀಟರ್ ಮೇಣ ಸವರಿದ ದಾರ. ಈ ಲೆಕ್ಕವನ್ನೆಲ್ಲ ಏಳನೆಯ ಇಯತ್ತೆಯ ಮಕ್ಕಳೇ ಹಿಂದಿನ ವಾರ ಗಣಿತದ ತಾಸಿನಲ್ಲಿ ಮಾಡಿದರು. ಚದರ ಸೆಂಟಿಮೀಟರನ್ನು ಚದರ ಅಡಿಗೆ ತರುವುದು ಪುಸ್ತಕದಲ್ಲಿ ಒಣಗಿದ ಲೆಕ್ಕ. ಅಂಗಡಿಯಲ್ಲಿ ದುಡ್ಡು ಕೊಡುವಾಗ ಅದಕ್ಕೆ ಜೀವ ಬರುತ್ತದೆ.

ರಂಪಿಗೆ, ಆರಿ, ಸುತ್ತಿಗೆ ಈ ಮೂರನ್ನೂ ಮಕ್ಕಳ ಕೈಗೆ ಕೊಡಲಿಲ್ಲ. ಕೊರೆಯುವ ಕೆಲಸ, ತೂತು ಹಾಕುವ ಕೆಲಸ ಹಿಂದಿನ ದಿನವೇ ಊರಿನ ಇಬ್ಬರು ಹಿರಿಯ ಕಸುಬುದಾರರು ಮುಗಿಸಿದರು. ಬದಿಗೆ ಹನ್ನೆರಡು ತೂತು, ಚೀಲಕ್ಕೆ ಇಪ್ಪತ್ನಾಲ್ಕು, ಅರವತ್ತಕ್ಕೆ ಒಂದು ಸಾವಿರದ ನಾಲ್ಕುನೂರ ನಲವತ್ತು. ಮೊದಲೇ ತೂತು ಇರುವುದರಿಂದ ಚೂಪು ಸೂಜಿ ಬೇಕಿಲ್ಲ. ತುದಿ ಮೊಂಡಾದ ಸೂಜಿ ಸಾಕು. ಅಂಟು ಹಚ್ಚಲೇ ಇಲ್ಲ. ಚಪ್ಪಲಿಗೆ ಬಳಸುವ ಅಂಟಿನ ವಾಸನೆ ಮುಚ್ಚಿದ ಕೋಣೆಯಲ್ಲಿ ಮಕ್ಕಳಿಗೆ ಒಳ್ಳೆಯದಲ್ಲ. ಮಡಿಕೆ ಸರಿಯದಂತೆ ಹಿಡಿಯಲು ಬಟ್ಟೆ ಒಣಹಾಕುವ ಚಿಮಟಿಗೆ ಹಾಕಿದರೆ ಆಯಿತು.

ಮಕ್ಕಳನ್ನು ಆರಾರು ಜನರ ಹತ್ತು ಗುಂಪು ಮಾಡಿದೆವು. ಗುಂಪಿಗೆ ಒಬ್ಬ ದೊಡ್ಡವರು, ಒಂದು ಡಬ್ಬಿ, ಡಬ್ಬಿಯಲ್ಲಿ ಹನ್ನೆರಡು ಸೂಜಿ. ಮುಗಿದ ಮೇಲೆ ಹನ್ನೆರಡೂ ಎಣಿಸಿ ಬರುವವರೆಗೆ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ, ಏಕೆಂದರೆ ನಮ್ಮ ಮಕ್ಕಳು ಬರಿಗಾಲಲ್ಲಿ ಓಡಾಡುವವರು. ಸೂಜಿಯನ್ನು ಬಾಯಲ್ಲಿ ಕಚ್ಚಬಾರದು. ಇಷ್ಟೇ ನಿಯಮ. ಹೆಚ್ಚು ನಿಯಮ ಹೇಳಿದರೆ ಮಕ್ಕಳು ಒಂದನ್ನೂ ನೆನಪಿಡುವುದಿಲ್ಲ.

ಅರವತ್ತು ಮಕ್ಕಳ ಮುಂದೆ ನಿಂತು ಒಬ್ಬನೇ ಹೊಲಿದು ತೋರಿಸಿದರೆ ಹಿಂದಿನ ಸಾಲಿನವರಿಗೆ ಕಾಣುವುದು ಗುರುಗಳ ಬೆನ್ನು ಮಾತ್ರ. ಆದ್ದರಿಂದ ಮೊದಲು ಹತ್ತು ಜನ ದೊಡ್ಡವರೇ ಕಲಿತರು. ಅವರಲ್ಲಿ ನಾಲ್ವರು ಶಿಕ್ಷಕರು. ಕಲಿಸುವವರು ಮಗುವಿನ ಎದುರು ಕೂಡಬಾರದು, ಪಕ್ಕದಲ್ಲಿ ಕೂಡಬೇಕು. ಎದುರು ಕುಳಿತರೆ ನಮ್ಮ ಬಲಗೈ ಮಗುವಿನ ಎಡಕ್ಕೆ ಕಾಣುತ್ತದೆ, ಮಗು ತಿರುವುಮುರುವಾಗಿ ಕಲಿಯುತ್ತದೆ. ಎಡಗೈಯವರಿಗೆ ಮಾತ್ರ ಎದುರು ಕುಳಿತು ಕಲಿಸಬಹುದು. ಎಡಗೈ ರೂಢಿಯ ಐದು ಮಕ್ಕಳು ಅಂದು ನಮ್ಮಲ್ಲಿದ್ದರು. ಅವರಿಗೆ "ಬಲಗೈಲೆ ಹಿಡಿ" ಎಂದು ಯಾರೂ ಗದರಿಸಲಿಲ್ಲ.

ಹೊಲಿಗೆ ಯಾವುದು? ಒಂದು ದಾರದ ಎರಡು ತುದಿಗೆ ಎರಡು ಸೂಜಿ. ಪ್ರತಿ ತೂತಿನಲ್ಲಿ ಎರಡೂ ಸೂಜಿ ಎದುರುಬದುರಾಗಿ ದಾಟಬೇಕು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಹರಿದರೆ ಇನ್ನೊಂದು ಸಡಿಲವಾಗುತ್ತದೆ. ಈ ಕೈಹೊಲಿಗೆಯಲ್ಲಿ ಒಂದು ಕಡೆ ಸವೆದು ಹರಿದರೂ ಇನ್ನೊಂದು ಕಡೆಯ ಎಳೆ ಹಿಡಿದುಕೊಂಡಿರುತ್ತದೆ. ಎತ್ತಿನ ಸಾಮಾನು, ಮೊಟ್ಟೆಯ ಹಗ್ಗದ ಕಾಲದಿಂದ ನಮ್ಮ ಹಿರಿಯರು ತೊಗಲನ್ನು ಗಟ್ಟಿಯಾಗಿ ಹೊಲಿಯುತ್ತ ಬಂದವರು. ಕಾರಣ ಮಾತ್ರ ನಾವು ಕೇಳಿರಲಿಲ್ಲ.

ಈ ಜಾಗದಲ್ಲೇ ಭಾಷೆಯ ಮಾತು ಬರುತ್ತದೆ. ಬೇರೆ ಕಡೆಯ ಒಂದು ಶಿಬಿರದಲ್ಲಿ ಹಿಂದೆ ನಾನೇ ಮರಾಠಿಯಲ್ಲಿ ಇದನ್ನು ಕಲಿಸಲು ಹೋಗಿದ್ದೆ. ಮಕ್ಕಳಿಗೆ ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ, ಕಲಿಯಲೂ ಬೇಕು, ನಾವು ಬದುಕುವ ರಾಜ್ಯದ ಭಾಷೆ ಅದು. ಎಲ್ಲರೂ ತಲೆ ಆಡಿಸಿದರು. ನೋಡಿದರೆ ಅರ್ಧಕ್ಕರ್ಧ ಮಕ್ಕಳು ತಮ್ಮ ತೊಗಲನ್ನು ನೋಡದೆ ಪಕ್ಕದವನ ಕೈ ನೋಡುತ್ತಿದ್ದರು. ಆಗ ಮೂಲೆಯಲ್ಲಿ ಕುಳಿತಿದ್ದ ಒಬ್ಬ ಅಜ್ಜ, "ಎರಡೂ ಸೂಜಿ ಒಂದ ತೂತಿನ್ಯಾಗ, ಎದರು ಬದರು, ಆಮ್ಯಾಲ ಜಗ್ರಿ" ಎಂದ. ಎರಡೇ ನಿಮಿಷದಲ್ಲಿ ಸಾಲು ಸಾಲು ಹೊಲಿಗೆ ನೆಟ್ಟಗಾಯಿತು. ತಪ್ಪು ಮಕ್ಕಳದಲ್ಲ, ಮರಾಠಿಯದೂ ಅಲ್ಲ, ನನ್ನದು. ಕೈಯಲ್ಲಿ ಸೂಜಿ ಇರುವಾಗ ಮಾತು ಮನಸ್ಸಿನಲ್ಲಿ ತರ್ಜುಮೆಯಾಗುತ್ತ ಕೂಡಲು ಸಮಯವಿರುವುದಿಲ್ಲ. ಕೇಳಿದ ಕೂಡಲೆ ಬೆರಳಿಗೆ ಇಳಿಯುವ ಮಾತು ತಾಯಿಮಾತು ಮಾತ್ರ.

ಸಂವಿಧಾನದ 350ಎ ಕಲಮು, 1956ರಲ್ಲಿ ಸೇರಿದ್ದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಹೇಳುತ್ತದೆ. ಅದನ್ನು ನಾವು ಪಠ್ಯಪುಸ್ತಕ, ಶಿಕ್ಷಕರ ನೇಮಕ ಎಂದಷ್ಟೇ ಓದುತ್ತೇವೆ. ಬಾಲಭಾರತಿ ಕನ್ನಡದಲ್ಲಿ ಪುಸ್ತಕ ಕೊಡುತ್ತದೆ, ಒಳ್ಳೆಯದು. ಆದರೆ ತೊಗಲು ಹದ ಮಾಡುವ ಜಾಲಿಯ ತೊಗಟೆ, ಅಣಲೆಕಾಯಿ, ಕೂದಲು ಬಿಡಿಸುವ ಸುಣ್ಣದ ನೀರು, ಇವುಗಳ ಕನ್ನಡ ಯಾವ ಪುಸ್ತಕದಲ್ಲಿ ಸಿಗುತ್ತದೆ? ಅಂದು ಆ ಇಬ್ಬರು ಹಿರಿಯರು ಮಕ್ಕಳಿಗೆ ತೊಗಲು ಮುಟ್ಟಿಸಿ ಹೇಳಿದರು: ಇದು ಮೈಮೇಲಿನ ಬದಿ, ನುಣುಪು, ಇದು ಮಾಂಸದ ಬದಿ, ಒರಟು. ಜಾಲಿಯಲ್ಲಿ ಹದ ಮಾಡಿದ್ದನ್ನು ಒದ್ದೆ ಮಾಡಿ ಅಚ್ಚು ಒತ್ತಿದರೆ ಗುರುತು ನಿಲ್ಲುತ್ತದೆ. ಮಕ್ಕಳು ಮುಚ್ಚಳದ ಮೇಲೆ ತಮ್ಮ ಹೆಸರಿನ ಮೊದಲ ಅಕ್ಷರ ಒತ್ತಿದರು. 'ಶ್ರೀ' ಒತ್ತುವುದು ಎಷ್ಟು ಕಷ್ಟವೆಂದು ಆ ಹುಡುಗಿಯನ್ನೇ ಕೇಳಬೇಕು!

ಇದು ಹೊಸ ಪ್ರಯೋಗವೇನಲ್ಲ. ದಕ್ಷಿಣ ಆಫ್ರಿಕದಲ್ಲಿ 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗಾಂಧೀಜಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಅವರ ಗೆಳೆಯ ಕಾಲೆನ್‌ಬಾಕ್ ಒಂದು ಕ್ರೈಸ್ತ ಮಠದಲ್ಲಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಬಯಸಿದವರಿಗೆ ಕಲಿಸಿದರು. ಅಲ್ಲಿ ಎರಡು ಪದ್ಧತಿಗಳಿದ್ದವು. ತಮಿಳು, ಗುಜರಾತಿ, ಉರ್ದು ಮಕ್ಕಳಿಗೆ ಅವರವರ ಭಾಷೆಯ ಪಾಠ. ಶಿಕ್ಷಕರು ತಾವು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದು. ಕೈಕೆಲಸ, ತಾಯಿಮಾತು, ಗುರುವಿನ ಸಹಭಾಗ ಮೂರೂ ಒಂದೇ ಚಾಪೆಯ ಮೇಲೆ ಇದ್ದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಹತ್ತು ದಿನ ಪಾಟಿಚೀಲವಿಲ್ಲದೆ ಊರಿನ ಕಸುಬುದಾರರ ಬಳಿ ಕಲಿಯುವ ಅವಕಾಶ ಹೇಳಿದೆ. ನಾವು ಕೇಳುತ್ತಿರುವುದು ಅದನ್ನೇ.

ಒಂದು ಎಚ್ಚರಿಕೆ ಹೇಳಲೇಬೇಕು. ಕನ್ನಡ ಶಾಲೆಯ ಮಕ್ಕಳಿಗೆ ಕೈಕೆಲಸ, ಪೇಟೆಯ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ವಿಜ್ಞಾನ ಎಂದಾದರೆ ನಾನೇ ಮೊದಲು ವಿರೋಧಿಸುತ್ತೇನೆ. ಈ ಒಂದು ದಿನ ಗಣಿತ, ವಿಜ್ಞಾನಗಳ ತಾಸು ಕಸಿದುಕೊಳ್ಳಲು ಬಂದದ್ದಲ್ಲ. ಯಾರ ಮಗನೂ ಅಪ್ಪನ ಕಸುಬಿಗೇ ಮರಳಬೇಕೆಂದಲ್ಲ. ಯಾವ ಕಸುಬಿನ ಮನೆಯ ಮಗುವೂ ಶಾಲೆಯಲ್ಲಿ ತಲೆ ತಗ್ಗಿಸಿ ಕೂಡಬಾರದು, ಅಷ್ಟೇ. ಕೊಲ್ಹಾಪುರಿ ಚಪ್ಪಲಿಗೆ ಈಗ ಭೌಗೋಳಿಕ ಗುರುತಿನ ಸರಕಾರಿ ಮನ್ನಣೆ ಇದೆ. ಆ ಪಟ್ಟಿಯಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು. ಭೀಮೆಯ ಈಚೆಯ ಸೋಲಾಪುರ, ಆಚೆಯ ವಿಜಾಪುರ ಎರಡೂ ಇವೆ. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿಯನ್ನು ಮಿಲಾನ್ ನಗರದಲ್ಲಿ ಮೂಲ ಹೇಳದೆ ಪ್ರದರ್ಶಿಸಿ, ಟೀಕೆ ಬಂದ ಮೇಲೆ ಒಪ್ಪಿಕೊಂಡಿತು. ಪರದೇಶದವರು ಎತ್ತಿಕೊಳ್ಳುವ ವಿದ್ಯೆಗೆ ನಮ್ಮ ಶಾಲೆಯಲ್ಲಿ ನಾಚಿಕೆ ಏಕೆ?

ಪಾಲಕರಲ್ಲಿ ಮೂರು ವಿನಂತಿ. ಮೊದಲನೆಯದು, ಮುಂದಿನ ಸಲ ಪ್ರತಿ ಗುಂಪಿಗೆ ನಿಮ್ಮಲ್ಲೊಬ್ಬರು ಬಂದು ಕುಳಿತುಕೊಳ್ಳಿ. ಎರಡನೆಯದು, ಕಲಿಸಲು ಬರುವ ಕಸುಬುದಾರರಿಗೆ ಗುರುವಿನ ಕುರ್ಚಿ, ಎಲ್ಲರ ಪಂಕ್ತಿಯಲ್ಲೇ ಊಟ, ದಿನದ ದುಡಿಮೆಗೆ ಕಡಿಮೆಯಾಗದ ಗೌರವಧನ ಸಿಗಲಿ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರುವುದರಿಂದ ಇದನ್ನು ಠರಾವು ಮಾಡುವುದು ನಿಮ್ಮ ಕೈಯಲ್ಲಿದೆ. ಮೂರನೆಯದು, ಯಾವ ಪ್ರಾಣಿಯ ತೊಗಲು ಎಂಬುದನ್ನು ನಾವು ಮೊದಲೇ ಹೇಳುತ್ತೇವೆ. ಧರ್ಮದ ಕಾರಣಕ್ಕೆ ತೊಗಲು ಬೇಡವೆನ್ನುವ ಮನೆಯ ಮಗುವಿಗೆ ದಪ್ಪ ಬಟ್ಟೆ ಕೊಡುತ್ತೇವೆ. ಬಟ್ಟೆ ಬೇರೆಯಾಗಬಹುದು, ಚಾಪೆ ಬೇರೆಯಾಗುವುದಿಲ್ಲ.

ಮೊದಲು ಹೇಳಿದ ಆ ತಾಯಿಯ ಮಗಳು ದಪ್ಪ ಬಟ್ಟೆಯ ಚೀಲ ಹೊಲಿದಳು. ಅವಳಿಗೆ ಗಂಟು ಹಾಕುವುದು ತಿಳಿಯದಾದಾಗ ತೋರಿಸಿಕೊಟ್ಟವನು ಆ ತಂದೆಯ ಮಗ. ಮನೆಯಲ್ಲಿ ಅಜ್ಜನ ಕೈ ನೋಡಿ ಅವನಿಗೆ ಅದು ಬಂದಿತ್ತು. ತನಗೆ ಬರುತ್ತದೆ ಎಂದು ಶಾಲೆಯಲ್ಲಿ ಅವನು ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ.